ಬಾವಿ ತೆರೆದ ಶನಿವಾರ

ಡೌನರ್ಸ್ ಗ್ರೋವ್
ಮಾರ್ಚ್ 9, 2025, ಭಾನುವಾರ

ಪ್ರೀತಿಯ ವತ್ಸಲಾ ಆಂಟಿಗೆ ವಿಭಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಗುರುವಾರ ಬಂತು. ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡು, ಯುಗಾದಿಗೆ ಕರೆದಿರಬೇಕು ಎಂದುಕೊಂಡು ನಿಂತಲ್ಲೇ ಒಡೆದೆ. ಓದಿದ ಮೇಲೆ ಅದನ್ನು ಫ್ರಿಜ್ಜಿನ ಮೇಲಿಟ್ಟು, ಮೂರು ದಿನ ಅಡುಗೆಮನೆಯ ಕಡೆಗೇ ಹೋಗಲಿಲ್ಲ. ಪಿಟ್ಜಾ ತರಿಸಿಕೊಂಡು ತಿಂದೆ. ಬಯ್ಯುತ್ತೀರಿ, ಗೊತ್ತು. ಈ ಕಾಗದ ಮುಗಿಯುವ ಹೊತ್ತಿಗೆ ಬಯ್ಯಲು ಇನ್ನೂ ದೊಡ್ಡ ಕಾರಣ ಸಿಗುತ್ತದೆ, ಅಲ್ಲಿಯವರೆಗೆ ಉಳಿಸಿಕೊಳ್ಳಿ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಅಳುತ್ತೀರಿ, ನಾನು ‘ಅಯ್ಯೋ ಬಿಡಿ ಆಂಟಿ’ ಎಂದು ಮಾತು ತಿರುಗಿಸುತ್ತೇನೆ. ಐದು ತಿಂಗಳಿಂದ ನಮ್ಮಿಬ್ಬರ ನಡುವೆ ನಡೆದಿರುವುದು ಅಷ್ಟೇ. ಕಾಗದದಲ್ಲಿ ನೀವು ಅತ್ತರೂ ನನಗೆ ಕೇಳಿಸುವುದಿಲ್ಲ. ಹೇಡಿ ಎಂದರೆ ಹೇಡಿ.

ಬರುವ ಗುರುವಾರ ಲ್ಯಾನ್ಸಿಂಗ್‌ನಲ್ಲಿ ವಿಚಾರಣೆ. ದ್ವಾರಕಾನಾಥ್ ಅಂಕಲ್ ಎಲ್ಲ ತಪ್ಪನ್ನೂ ತಮ್ಮ ಮೇಲೆ ಹಾಕಿಕೊಂಡು ಹೇಳಿಕೆ ಕೊಟ್ಟಿದ್ದಾರೆ. ಯಾರಿಗೂ ಹೇಳದೆ ಗ್ಯಾಸ್ ಬಾವಿಯ ಹತ್ತಿರದಿಂದ ಮನೆಗೆ ಬಂದೆ, ಆಫೀಸಿನವರಿಗೆ ನಾನು ಸಿಗಲಿಲ್ಲ, ಅಷ್ಟರಲ್ಲಿ ಬಾವಿಯ ಕೆಲಸದ ರಸೆಲ್ ಸತ್ತ ಎಂದು. ಅದಕ್ಕೆ ನೀವು ಒಪ್ಪುವುದಿಲ್ಲ. ‘ಅವರ ಫೋನ್ ನನ್ನ ಸೊಂಟದಲ್ಲಿತ್ತು ಕಣೇ. ನೀನು ಮಾಡಿದೆ, ನಾನು ಅವರಿಗೆ ಕೊಡಲಿಲ್ಲ. ಅಲ್ಲಿಗೆ ಬಂದು ಹಾಗಂತ ಹೇಳ್ತೀನಿ, ನೀನು ಹೌದು ಅಂದ್ರೆ ಸಾಕು’ ಎಂದು ಬರೆದಿದ್ದೀರಿ. ದೇವರಮನೆಯ ಬಾಗಿಲು ಅಂದು ಹಾಕಿದ್ದು ಇಂದಿಗೂ ತೆಗೆದಿಲ್ಲ ಎಂದೂ, ನಿಮ್ಮ ಪೂಜೆಯಿಂದ ಒಂದು ಹೆಣ್ಣು ಗಂಡನನ್ನು ಕಳೆದುಕೊಂಡಳು ಎಂದೂ ಬರೆದಿದ್ದೀರಿ.

ನೀವು ಬರಬೇಡಿ ಆಂಟಿ. ಯಾಕೆ ಬರಬಾರದು ಎಂದು ಹೇಳುವುದಕ್ಕೇ ಕೂತಿದ್ದೇನೆ.

ಅದು ಅರ್ಥವಾಗಬೇಕಾದರೆ ನಮ್ಮ ಕೆಲಸ ಏನೆಂದು ನೀವು ಒಮ್ಮೆ ಪೂರ್ತಿ ಕೇಳಬೇಕು. ಅಂಕಲ್ ಊಟದ ಮೇಜಿನ ಮೇಲೆ ಚಮಚ ಲೋಟ ಜೋಡಿಸಿ ಬಾವಿ ಕೊರೆಯಲು ಶುರು ಮಾಡಿದರೆ ‘ಸಾಕು ಮಾಡ್ರೀ, ಸಾರು ಆರಿಹೋಗತ್ತೆ’ ಎನ್ನುತ್ತಿದ್ದವರು ನೀವು. ನಾನು ಕೇಳುತ್ತಿದ್ದೆ. ಮೈಸೂರಿನಿಂದ ಬಂದ ಮೊದಲ ಚಳಿಗಾಲ ನಿಮ್ಮ ಪ್ಲಿಮತ್ ಮನೆಯ ಬೇಸ್‌ಮೆಂಟಿನಲ್ಲಿದ್ದೆನಲ್ಲ, ಯೂನಿವರ್ಸಿಟಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಆ ಮೇಜಿನ ಮೇಲೆ ಕಲಿತೆ. ಈ ಕೆಲಸ ಕೊಡಿಸಿದವರೂ ಅವರೇ.

ಮೊದಲು ಕೊರೆಯುವುದು. ನೆಲದೊಳಗಿನ ಮೊದಲ ಕೆಲವು ನೂರು ಅಡಿಗಳಲ್ಲಿ ಊರಿನವರು ಕುಡಿಯುವ ನೀರಿರುತ್ತದೆ. ಅದನ್ನು ದಾಟುವವರೆಗೆ ಉಕ್ಕಿನ ಕೊಳವೆ ಇಳಿಸಿ, ಕೊಳವೆಗೂ ಮಣ್ಣಿಗೂ ನಡುವೆ ಸಿಮೆಂಟ್ ತುಂಬಿಸುತ್ತಾರೆ. ಆಮೇಲೆ ಅದರೊಳಗಿನಿಂದ ಇನ್ನೂ ಸಣ್ಣ ಕೊಳವೆ, ಮತ್ತೆ ಸಿಮೆಂಟ್. ಹೀಗೆ ಸುಮಾರು ಎರಡು ಮೈಲಿ ಆಳ. ಗ್ಯಾಸ್ ಇರುವ ಕಲ್ಲಿನ ಪದರ ಸಿಕ್ಕಿದ ಮೇಲೆ ಬಾವಿ ನಿಧಾನವಾಗಿ ಬಾಗಿ, ಆ ಪದರದೊಳಗೇ ಅಡ್ಡಕ್ಕೆ ಇನ್ನೊಂದು ಮೈಲಿ ಹೋಗುತ್ತದೆ.

ಆ ಕಲ್ಲು ಮಹಾ ಜಿಪುಣ. ಒಳಗೆ ಗ್ಯಾಸ್ ಇದ್ದರೂ ಬಿಡುವುದಿಲ್ಲ. ಹಾಗಾಗಿ ಕೊಳವೆಯಲ್ಲಿ ಸಣ್ಣ ಸ್ಫೋಟಗಳಿಂದ ತೂತು ಮಾಡಿ, ನೀರಿಗೆ ಮರಳನ್ನೂ ಒಂದಿಷ್ಟು ರಾಸಾಯನಿಕವನ್ನೂ ಬೆರೆಸಿ, ಕಲ್ಲು ಬಿರಿಯುವವರೆಗೆ ಪಂಪುಗಳಿಂದ ಒತ್ತುತ್ತಾರೆ. ನೀರು ಹಿಂದೆ ಬರುತ್ತದೆ, ಮರಳು ಬಿರುಕಿನಲ್ಲೇ ಉಳಿದು ಅದು ಮತ್ತೆ ಮುಚ್ಚಿಕೊಳ್ಳದಂತೆ ಹಿಡಿದಿರುತ್ತದೆ. ಒಂದು ಭಾಗ ಒಡೆದು, ಅದಕ್ಕೊಂದು ಬಿರಡೆ ಜಡಿದು, ಮುಂದಿನ ಭಾಗಕ್ಕೆ ಹೋಗಬೇಕು. ನಮ್ಮ ಬಾವಿಗೆ ಇಪ್ಪತ್ತೆರಡು ಭಾಗ, ಒಂಬತ್ತು ದಿನದ ಕೆಲಸ. ಕೊನೆಯಲ್ಲಿ ಬಿರಡೆಗಳನ್ನೆಲ್ಲ ಕೊರೆದು ತೆಗೆದು ಬಾವಿಯ ಬಾಯಿ ತೆರೆಯುತ್ತಾರೆ.

ತೆರೆಯುವಾಗ ಮೈಯೆಲ್ಲ ಕಣ್ಣಾಗಿರಬೇಕು ಎಂದು ಅಂಕಲ್ ಹೇಳುತ್ತಿದ್ದರು. ಒತ್ತಿದ ನೀರು ಮೊದಲು ವಾಪಸ್ ಬರುತ್ತದೆ, ಹಿಂದೆಯೇ ಗ್ಯಾಸ್ ಬರುತ್ತದೆ. ಒಳಗೇ ಇರಬೇಕಾದ ಮರಳು ಕೂಡ ಒಂದಷ್ಟು ಕಿತ್ತುಕೊಂಡು ಬರುತ್ತದೆ. ಬಾವಿಯ ಬಾಯಲ್ಲಿ ಚೋಕ್ ಎಂಬ ಸಣ್ಣ ಕಂಡಿ ಇರುತ್ತದೆ, ಅದನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತ ಹೋಗಬೇಕು. ಮರಳು ಹೆಚ್ಚಾದರೆ ಉಕ್ಕನ್ನೇ ತಿನ್ನುತ್ತದೆ, ಅದರಲ್ಲೂ ಪೈಪು ತಿರುಗುವ ಮೊಣಕೈಯಲ್ಲಿ. ಹೊರಗಿನಿಂದ ನೋಡಿದರೆ ಬಣ್ಣ ಕೂಡ ಮಾಸಿರುವುದಿಲ್ಲ, ಒಳಗೆ ಪೈಪು ತೆಳ್ಳಗಾಗುತ್ತಿರುತ್ತದೆ. ಮರಳಿನ ಸದ್ದನ್ನು ಆಲಿಸುವ ಯಂತ್ರವೊಂದನ್ನು ಪೈಪಿಗೆ ಕಟ್ಟಿರುತ್ತಾರೆ. ಅದು ಕಳಿಸುವ ಅಂಕಿ ಮುನ್ನೂರು ಮೈಲಿ ದಾಟಿ ಇಲ್ಲಿ ಡೌನರ್ಸ್ ಗ್ರೋವ್‌ನ ಆಫೀಸಿಗೆ, ಮೂರನೇ ಮಹಡಿಯ ನನ್ನ ಪರದೆಗೆ ಬರುತ್ತದೆ. ನೋಡುತ್ತಾ ಕೂರುವುದೇ ನನ್ನ ಉದ್ಯೋಗ.

ಇಷ್ಟು ಸಾಕು. ಇನ್ನು ಆ ದಿನ.

ಬಾವಿಯನ್ನು ಗುರುವಾರ ತೆರೆಯಬೇಕಿತ್ತು. ಒಂದು ಬಿರಡೆ ಸಿಕ್ಕಿಹಾಕಿಕೊಂಡು ಎರಡು ದಿನ ಹೋಯಿತು. ನಿಮ್ಮ ಸತ್ಯನಾರಾಯಣ ಪೂಜೆ ಶನಿವಾರಕ್ಕೆ ಎಂದು ಆಗಸ್ಟ್‌ನಲ್ಲೇ ಗೊತ್ತಾಗಿತ್ತು. ಟ್ರಾಯ್‌ನಿಂದ ಬರುವ ಪುರೋಹಿತರಿಗೆ ಬೇರೆ ದಿನವಿರಲಿಲ್ಲ. ನಿಮ್ಮ ಮಗಳು ವಿನಿತಾಳ ಮದುವೆಯ ನಂತರದ ಮೊದಲ ಪೂಜೆ, ನೀವು ಗಂಡ ಹೆಂಡತಿ ಇಬ್ಬರೂ ಮಣೆಯ ಮೇಲೆ ಕೂರಲೇಬೇಕು. ಅಂಕಲ್ ಶನಿವಾರ ಬೆಳಗಿನ ಜಾವ ನಿಂತು ಬಾವಿ ತೆರೆಸಿ, ಐದೂವರೆಗೆ ಕಾರು ಹತ್ತಿದರು. ಇನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಒಂಬತ್ತಕ್ಕೆ ನಿಮ್ಮ ಮನೆ. ಹೊರಡುವಾಗ ನನಗೆ ಫೋನ್ ಮಾಡಿ ‘ಮೂರು ಗಂಟೆಗೆ ವಾಪಸ್ ಬಂದ್ಬಿಡ್ತೀನಮ್ಮ. ನೀನಿದ್ದೀಯಲ್ಲ, ನೋಡ್ಕೋ’ ಎಂದರು.

ಅವರು ತಮ್ಮ ಹೇಳಿಕೆಯಲ್ಲಿ ಯಾರಿಗೂ ಹೇಳದೆ ಬಂದೆ ಎಂದಿದ್ದಾರೆ. ಅದು ನಿಜವಲ್ಲ. ನನಗೆ ಹೇಳಿಯೇ ಹೋಗಿದ್ದರು. ಪ್ರತಿ ಗಂಟೆಗೊಮ್ಮೆ ನಾನು ತುಂಬಬೇಕಾದ ಪಟ್ಟಿಯಲ್ಲಿ ‘ಮೇಲ್ವಿಚಾರಕರು ಸ್ಥಳದಲ್ಲಿದ್ದಾರೆ’ ಎಂಬ ಸಾಲಿರುತ್ತದೆ. ಆ ಶನಿವಾರ ಅದರ ಎದುರು ನಾನು ಆರು ಸಲ ಸರಿ ಗುರುತು ಹಾಕಿದೆ. ಅಂಕಲ್ ನನಗೂ ಸುಳ್ಳು ಹೇಳಿದ್ದರು ಎಂದು ತನಿಖೆಯವರು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೇನೆ.

ರಸೆಲ್‌ನನ್ನು ನಾನು ನೋಡಿರಲಿಲ್ಲ. ಅವನ ದನಿ ಮಾತ್ರ ಗೊತ್ತು. ಬಾವಿಯ ಹತ್ತಿರದ ಮೂವರಲ್ಲಿ ಹಿರಿಯ, ಐವತ್ತೆರಡು ವರ್ಷ. ನೀವು ಡಬ್ಬಿಯಲ್ಲಿ ಕಳಿಸುತ್ತಿದ್ದ ಕೋಡುಬಳೆಯನ್ನು ಮೊದಲ ಸಲ ತಿಂದು ಖಾರಕ್ಕೆ ಕೆಮ್ಮಿ, ಮರುದಿನ ಇನ್ನೂ ಇದೆಯೇ ಎಂದು ಕೇಳಿದವನು. ಇಲ್ಲಿಗಿಂತ ಒಂದು ಗಂಟೆ ಮುಂದಿರುವ ನಿಮ್ಮ ಗಡಿಯಾರದಲ್ಲಿ ಹತ್ತೂವರೆ ದಾಟಿದ ಮೇಲೆ ಮರಳಿನ ಅಂಕಿ ಏರತೊಡಗಿತು. ಮಿತಿ ದಾಟಿತು. ನಾನು ಕೇಳುವ ಮೊದಲೇ ರಸೆಲ್ ಫೋನ್ ಮಾಡಿ, ಪೈಪಿನಲ್ಲಿ ಸದ್ದು ಜಾಸ್ತಿಯಾಗಿದೆ, ನನಗೆ ಇಷ್ಟವಾಗುತ್ತಿಲ್ಲ, ಮುಚ್ಚಿಬಿಡಲೇ ಎಂದು ಕೇಳಿದ. ಸ್ವಲ್ಪ ತಡಿ, ದ್ವಾರಕ್‌ನನ್ನು ಕೇಳಿ ಹೇಳುತ್ತೇನೆ ಎಂದೆ. ಅವನು ಸರಿ ಎಂದ. ಅವನು ಯಾವಾಗಲೂ ಸರಿ ಎನ್ನುತ್ತಿದ್ದ.

ಆಗ ಕಾರಿಡಾರಿಗೆ ಹೋಗಿ ನನ್ನ ಸ್ವಂತ ಫೋನಿನಿಂದ ಅಂಕಲ್ ನಂಬರಿಗೆ ಮಾಡಿದೆ. ಎತ್ತಿದ್ದು ನೀವು, ಪಾಯಸ ನೋಡಲು ಮಣೆಯಿಂದ ಎದ್ದಿದ್ದಿರಂತೆ. ಹಿಂದೆ ಗಂಟೆಯ ಸದ್ದು, ಯಾರದೋ ಮಗುವಿನ ಅಳು. ‘ಎರಡನೇ ಅಧ್ಯಾಯ ನಡೀತಿದೆ ಕಣೇ. ಮಂಗಳಾರತಿ ಆಗೋವರೆಗೆ ಫೋನ್ ಮುಟ್ಟಲ್ಲ ಅಂತ ಮಾತು ತಗೊಂಡಿದೀನಿ. ಆಮೇಲೆ ಮಾಡಿಸ್ಲಾ?’ ಎಂದಿರಿ. ಇಷ್ಟು ನಿಮಗೆ ನೆನಪಿದೆ, ಕಾಗದದಲ್ಲಿ ಬರೆದಿದ್ದೀರಿ. ಅದರ ಮುಂದಿನದು ನಿಮ್ಮ ಕಾಗದದಲ್ಲಿಲ್ಲ. ನೀವು ‘ತಲೆ ಹೋಗೋಂಥದ್ದೇನಲ್ಲ ತಾನೆ?’ ಎಂದು ಕೇಳಿದಿರಿ. ನಾನು ನಕ್ಕು ‘ಏನಿಲ್ಲ ಆಂಟಿ, ನಿಧಾನಕ್ಕೆ ಮಾಡ್ಲಿ. ನಂಗೂ ಸಪಾದ ಭಕ್ಷ್ಯ ಎತ್ತಿಡಿ’ ಎಂದೆ. ಮನೆ ತುಂಬ ಜನ, ಒಲೆ ಮೇಲೆ ಪಾಯಸ, ನಿಮಗೆ ಮರೆತಿರಬಹುದು. ನನಗೆ ಮರೆತಿಲ್ಲ.

ಇನ್ನೊಂದು. ರಸೆಲ್‌ನ ಅಂತ್ಯಕ್ರಿಯೆಯ ವಾರ ನೀವು ಕೇಳಿದಾಗ, ಅಂಕಲ್ ಹೇಳದೆ ಬಾವಿ ಮುಚ್ಚುವ ಹಾಗಿಲ್ಲ ಆಂಟಿ, ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಹೇಳಿದ್ದೆ. ನೀವು ಈ ಐದು ತಿಂಗಳು ಹೊತ್ತುಕೊಂಡಿರುವುದು ಆ ಮಾತನ್ನೇ. ಅದು ಹಸಿ ಸುಳ್ಳು. ನನ್ನ ಪರದೆಯ ಮೂಲೆಯಲ್ಲಿ ಕೆಂಪು ಚೌಕವಿದೆ. ಎರಡು ಸಲ ಒತ್ತಿದರೆ ಅರ್ಧ ನಿಮಿಷದಲ್ಲಿ ಬಾವಿಯ ಬಾಯಿ ಮುಚ್ಚಿಕೊಳ್ಳುತ್ತದೆ. ಯಾರ ಅಪ್ಪಣೆಯೂ ಬೇಡ. ನಮ್ಮಲ್ಲಿ ಕಸ ಗುಡಿಸುವವರು ನಿಲ್ಲಿಸಿ ಎಂದರೂ ನಿಲ್ಲಿಸಬೇಕು, ಯಾಕೆ ಎಂದು ಬಯ್ಯುವಂತಿಲ್ಲ. ಆ ನಿಯಮ ಅಚ್ಚು ಹಾಕಿದ ಕಾರ್ಡು ನನ್ನ ಕುತ್ತಿಗೆಯಲ್ಲಿ ತೂಗುತ್ತಿತ್ತು.

ಯಾಕೆ ಒತ್ತಲಿಲ್ಲ? ಒತ್ತಿದ ಕೂಡಲೇ ಹತ್ತು ಜನರಿಗೆ ಸಂದೇಶ ಹೋಗುತ್ತದೆ. ಐದು ನಿಮಿಷದಲ್ಲಿ ದೊಡ್ಡವರೊಬ್ಬರು ಬಾವಿಯ ಮೇಲ್ವಿಚಾರಕರನ್ನು ಮಾತಾಡಿಸುತ್ತಾರೆ. ಮೇಲ್ವಿಚಾರಕರು ಪ್ಲಿಮತ್‌ನಲ್ಲಿ ಪಂಚೆ ಉಟ್ಟು ಮಣೆಯ ಮೇಲೆ ಕೂತಿದ್ದಾರೆ. ಅಂಕಲ್ ಮರ್ಯಾದೆ ಹೋಗುತ್ತದೆ ಎಂದುಕೊಂಡೆ. ನನ್ನನ್ನು ಮಗಳ ಹಾಗೆ ಇಟ್ಟುಕೊಂಡವರು, ಒಂದು ಪೂಜೆಗೆ ಹೋದದ್ದಕ್ಕೆ ನಾನೇ ಹಿಡಿದುಕೊಟ್ಟ ಹಾಗಾಗುತ್ತದೆ ಎಂದುಕೊಂಡೆ. ಇನ್ನೊಂದು ಗಂಟೆ ತಳ್ಳಿದರೆ ಮಂಗಳಾರತಿ ಮುಗಿದು ಅವರೇ ಫೋನಿಗೆ ಬಂದು ನೋಡಿಕೊಳ್ಳುತ್ತಾರೆ. ಆಂಟಿ, ಇದನ್ನು ಯಾವ ಅಮೆರಿಕನ್ನರಿಗೆ ಹೇಗೆ ವಿವರಿಸಲಿ ಹೇಳಿ. ಪೈಪು ಒಳಗಿಂದ ಸವೆಯುತ್ತಿದೆ, ಪಕ್ಕದಲ್ಲಿ ಮೂರು ಜನ ನಿಂತಿದ್ದಾರೆ, ನಾನು ಪುರೋಹಿತರು ಇನ್ನೆಷ್ಟು ಅಧ್ಯಾಯ ಓದಬೇಕೆಂದು ಲೆಕ್ಕ ಹಾಕುತ್ತಿದ್ದೇನೆ.

ಮರ್ಯಾದೆಯ ಮಾತೂ ಪೂರ್ತಿ ನಿಜವಲ್ಲ. ಜೂನ್‌ನಲ್ಲಿ ಬೇರೊಂದು ಬಾವಿಯನ್ನು ನಾನು ಮುಚ್ಚಿಸಿದ್ದೆ. ಕೆಟ್ಟಿದ್ದು ಬಾವಿಯಲ್ಲ, ಅಂಕಿ ಕಳಿಸುವ ಯಂತ್ರ. ವಿನಿತಾಳ ಮದುವೆಯ ಊಟದ ಪಂಕ್ತಿಯಲ್ಲಿ ಅಂಕಲ್ ‘ನಮ್ಮ ವಿಭಾ ಕುಕ್ಕರ್ ಕೂಗಿದ್ರೂ ಬಾವಿ ಮುಚ್ಸ್ತಾಳೆ’ ಎಂದರು. ಎಲ್ಲರೂ ನಕ್ಕರು, ನೀವೂ ನಕ್ಕಿರಿ, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಅವರು ಪ್ರೀತಿಯಿಂದ ಅಂದದ್ದು, ಸಂದೇಹವಿಲ್ಲ. ಆದರೆ ಆ ಶನಿವಾರ ಕೆಂಪು ಚೌಕದ ಹತ್ತಿರ ಕೈ ಹೋದಾಗಲೆಲ್ಲ ನನಗೆ ಆ ಪಂಕ್ತಿಯ ನಗು ಕೇಳಿಸಿತು. ಒಬ್ಬ ಮನುಷ್ಯನ ಜೀವಕ್ಕೂ ನನಗೂ ನಡುವೆ ನಿಂತದ್ದು ಇಷ್ಟು ಸಣ್ಣದು ಎಂದು ಬರೆಯಲು ನಾಚಿಕೆಯಾಗುತ್ತದೆ.

ಹನ್ನೊಂದು ನಲವತ್ತೆರಡಕ್ಕೆ ಪೈಪಿನ ಮೊಣಕೈ ಒಡೆದುಹೋಯಿತು. ಮರಳು ಹಿಡಿಯುವ ತೊಟ್ಟಿಯನ್ನು ನೋಡಲು ರಸೆಲ್ ಅದರ ಪಕ್ಕದಲ್ಲೇ ಹೋಗುತ್ತಿದ್ದ. ಕ್ಯಾಮೆರಾದಲ್ಲಿ ನನಗೆ ಕಂಡದ್ದು ಬಿಳಿ ಹೊಗೆಯಂಥದ್ದು ಮಾತ್ರ, ಸದ್ದು ಇಲ್ಲ. ಆಗ ಒತ್ತಿದೆ. ಅರ್ಧ ನಿಮಿಷಕ್ಕೆ ಬಾಯಿ ಮುಚ್ಚಿತು, ಹೊಗೆ ತೆಳುವಾಯಿತು, ಅವನ ಕಿತ್ತಳೆ ಅಂಗಿ ಕಂಡಿತು. ಅಷ್ಟು ದೂರ ಹೋಗಿ ಬಿದ್ದಿದ್ದಾನಲ್ಲ ಎಂದುಕೊಂಡೆ. ಅಲ್ಲೇ ಪ್ರಾಣ ಹೋಗಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಕಷ್ಟಪಡಲಿಲ್ಲ ಎಂದರು. ಎಲ್ಲರ ಬಗ್ಗೆಯೂ ಹಾಗೇ ಹೇಳುತ್ತಾರೇನೋ.

ನಾನು ಎರಡನೇ ಸಲ ಫೋನ್ ಮಾಡಿದಾಗ ನಿಮ್ಮಲ್ಲಿ ಆಗತಾನೆ ಮಂಗಳಾರತಿ ಮುಗಿದಿತ್ತು. ನೀವು ‘ಬಂತು ನೋಡಿ, ನಿಮ್ಮ ಮಗಳದು’ ಎಂದು ನಗುತ್ತಾ ಅಂಕಲ್ ಕೈಗೆ ಕೊಟ್ಟದ್ದು ನನಗೆ ಕೇಳಿಸಿತು.

ಅಂತ್ಯಕ್ರಿಯೆಗೆ ನೀವಿಬ್ಬರೂ ಹೋದಿರಿ. ನಾನು ಜ್ವರ ಎಂದೆ. ಜ್ವರ ಇರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಪತ್ರಿಕೆಯಲ್ಲಿ ಬಂದ ಅವನ ಫೋಟೋ ನೋಡಿದೆ. ದನಿ ಕೇಳಿ ನಾನು ಊಹಿಸಿಕೊಂಡಿದ್ದ ಮುಖವೇ ಬೇರೆ. ಆವತ್ತಿನಿಂದ ಮಲಗಿದರೆ ಅವನು ಸರಿ ಎಂದದ್ದು ಕೇಳಿಸುತ್ತದೆ. ಇದನ್ನು ಕನಿಕರಕ್ಕೆ ಬರೆಯುತ್ತಿಲ್ಲ, ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಗುರುವಾರ ನಾನು ಲ್ಯಾನ್ಸಿಂಗ್‌ಗೆ ಹೋಗುತ್ತೇನೆ. ಸುಳ್ಳು ಗುರುತು ಹಾಕಿದ ಪಟ್ಟಿಯ ವಿಷಯ ಹೇಳುತ್ತೇನೆ. ರಸೆಲ್ ಮುಚ್ಚಲೇ ಎಂದು ಕೇಳಿದ್ದನ್ನು, ನಾನು ತಡಿ ಎಂದದ್ದನ್ನು ಹೇಳುತ್ತೇನೆ. ಕೆಂಪು ಚೌಕದ ವಿಷಯ ಅವರಿಗೆ ಗೊತ್ತೇ ಇದೆ, ಅದನ್ನು ಯಾಕೆ ಒತ್ತಲಿಲ್ಲ ಎಂದು ಹೇಳುತ್ತೇನೆ. ಈ ಕೆಲಸ ಹೋಗುತ್ತದೆ. ಇನ್ನೇನಾಗುತ್ತದೋ ವಕೀಲರನ್ನು ಕೇಳಬೇಕು. ಅಂಕಲ್ ಬಾವಿ ಬಿಟ್ಟು ಬಂದದ್ದು ತಪ್ಪೇ, ಅದನ್ನು ನಾನು ಅಳಿಸಲಾರೆ. ಆದರೆ ಅವರ ತಪ್ಪು ಎಷ್ಟೋ ಅಷ್ಟೇ ಅವರ ಹೆಸರಿಗೆ ಬರಲಿ.

ನಿಮ್ಮ ತಪ್ಪು ಏನೂ ಇಲ್ಲ ಆಂಟಿ. ದೇವರಮನೆಯ ಬಾಗಿಲು ತೆಗೆಯಿರಿ. ಒಂದು ದೀಪ ಹಚ್ಚಿ. ನನ್ನ ಮೇಲಿನ ಕೋಪಕ್ಕಾದರೂ ಹಚ್ಚಿ. ರಸೆಲ್‌ನ ಹೆಂಡತಿಗೆ ನೀವು ಬರೆಯಬೇಕೆಂದಿರುವ ಕಾಗದವನ್ನು ಬರೆಯಬೇಡಿ, ಅದು ನಾನು ಬರೆಯಬೇಕಾದ ಕಾಗದ. ಮೊದಲು ನಿಮಗೆ ಬರೆದು ಕೈ ಪಳಗಿಸಿಕೊಳ್ಳುತ್ತಿದ್ದೇನೆ ಎಂದಿಟ್ಟುಕೊಳ್ಳಿ.

ಯುಗಾದಿಗೆ ನನ್ನನ್ನು ಕರೆಯಬೇಡಿ. ಕರೆದರೆ ಬಂದುಬಿಡುತ್ತೇನೆ. ಬಂದು ಏನೂ ಆಗಿಲ್ಲವೆಂಬಂತೆ ನಿಮ್ಮ ಕೈಯಿಂದ ಬಡಿಸಿಕೊಂಡು ಉಣ್ಣುತ್ತೇನೆ, ಅಷ್ಟು ನಾಚಿಕೆಗೆಟ್ಟವಳು ನಾನು.

ನಿಮ್ಮ ಮನೆಯ ಅನ್ನ ತಿಂದ,
ವಿಭಾ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಕೆಳಗೆ ಬರೆಯುತ್ತಿದ್ದೇನೆ: ಅಂದು ನೀವು ಫೋನ್ ಕೊಡದೆ ಇದ್ದರೂ ಅಂಕಲ್ ನನ್ನೊಡನೆ ಮಾತಾಡಿದ್ದರು. ನೀವು ನನ್ನ ಹೆಸರು ಹೇಳಿದ್ದು ಮಣೆಯ ಮೇಲೆ ಕೂತಿದ್ದ ಅವರಿಗೆ ಕೇಳಿಸಿತ್ತಂತೆ. ಮೂರನೇ ಅಧ್ಯಾಯ ಮುಗಿದ ಮೇಲೆ ತೆಂಗಿನಕಾಯಿ ತರುತ್ತೇನೆ ಎಂದು ಗರಾಜಿಗೆ ಹೋಗಿ, ಅಲ್ಲಿ ಊಟದ ಮೇಜು ಬಿಚ್ಚುತ್ತಿದ್ದ ಪಕ್ಕದ ಮನೆಯ ಒವೈಸ್ ಅವರ ಫೋನಿನಿಂದ ನನಗೆ ಮಾಡಿದರು. ‘ಮಾತಾಡ್ರಿ ಸರ, ನಾ ಹೊರಗ ನಿಂದರ್ತೀನಿ’ ಎಂದು ಒವೈಸ್ ಹೇಳಿದ್ದೂ ನನಗೆ ಕೇಳಿಸಿತು. ಆಗ ಹನ್ನೊಂದು ಹದಿನಾಲ್ಕು. ರಸೆಲ್‌ಗೆ ಇನ್ನೂ ಇಪ್ಪತ್ತೆಂಟು ನಿಮಿಷವಿತ್ತು. ಅಂಕಲ್ ‘ಮರಳಾ? ಹೇಳಮ್ಮ, ಈಗ್ಲೇ ಮುಚ್ಚಿಸ್ತೀನಿ. ಪೂಜೆ ನಿಂತ್ರೆ ನಿಲ್ಲಲಿ, ಕೆಲಸ ಹೋದ್ರೆ ಹೋಗ್ಲಿ’ ಎಂದರು. ನನ್ನ ಎದುರಿನ ಅಂಕಿ ಬೆಳಗಿನಿಂದ ಅಷ್ಟು ಮೇಲೆ ಹೋಗಿರಲಿಲ್ಲ. ನಾನು ‘ಇಳೀತಾ ಇದೆ ಅಂಕಲ್, ನೀವು ಕಥೆ ಕೇಳಿ’ ಎಂದೆ. ಅವರು ನಂಬಿದರು. ಇದನ್ನು ಅವರು ವಿಚಾರಣೆಯವರಿಗೂ ಹೇಳಿಲ್ಲ, ನಿಮಗೂ ಹೇಳಿಲ್ಲ. ‘ನಂಗೆ ಅರವತ್ತೊಂದು, ನಿಂಗೆ ಮೂವತ್ತು. ನೀನು ಬಾಯಿ ಮುಚ್ಕೊಂಡಿರು’ ಎಂದು ನನಗೆ ಆಣೆ ಹಾಕಿದ್ದಾರೆ. ಗುರುವಾರ ಇದನ್ನೂ ಹೇಳುವ ಧೈರ್ಯ ನನಗಿರಲಿಲ್ಲ. ನಿಮಗೆ ಬರೆದುಬಿಟ್ಟರೆ ಹೇಳದೆ ದಾರಿಯಿರುವುದಿಲ್ಲ ಎಂದೇ ಬರೆದೆ. ಫೋನ್ ನಿಮ್ಮ ಸೊಂಟದಲ್ಲಿ ಇದ್ದದ್ದರಿಂದ ಯಾರೂ ಸಾಯಲಿಲ್ಲ ಆಂಟಿ. ಅಂಕಲ್ ಕೇಳಿದರು, ನಾನು ಸುಳ್ಳು ಹೇಳಿದೆ.